ರಾಣಿಯರಿಗೆ ಕುಂಕುಮ

ಅತ್ತೆಯ ಕಣ್ಣಿಗೆ ನನ್ನ ಕೆಲಸ ಕೊನೆಗೂ ಕೆಲಸವಾಗಿ ಕಂಡದ್ದು ೧೯೮೫ರ ಆಯುಧಪೂಜೆಯ ದಿನ. ನನ್ನ ಗ್ರಹಚಾರ.

ಬರ್ಕ್ಲಿಯ ಹಳೇ ಚಿತ್ರಗಳ ಅಂಗಡಿಯೊಂದರಲ್ಲಿ ನಾನು ಕೊಳೆ ಹಿಡಿದ ಕಾಗದ ತೊಳೆಯುತ್ತಿದ್ದೆ. ತಾಮ್ರದ ತಗಡಿನಲ್ಲಿ ಕೊರೆದು ಅಚ್ಚೊತ್ತಿದ, ಇನ್ನೂರು ವರ್ಷ ಹಳೆಯ ಯುರೋಪಿನ ರಾಣಿಯರು. "ಎಂ.ಎ. ಓದಿದೋಳು ಕಾಗದ ಒಗೀತಾಳಂತೆ" ಎಂದು ನಮ್ಮ ಜೊತೆಗೇ ಇದ್ದ ಅತ್ತೆ ಸತ್ಯವತಿ ಮೈಸೂರಿನ ನಂಟರಿಗೆಲ್ಲ ಬರೆದಿದ್ದರು. ಕಂಪ್ಯೂಟರ್ ಚಿಪ್ ಕಂಪನಿಯವರು ನನ್ನ ಗಂಡ ದ್ವಾರಕಾನಾಥನನ್ನು ಮನೆಗೆ ಕಳಿಸಿದ ಮೇಲೆ ಆ ಕಾಗದವೇ ನಮಗೆಲ್ಲ ಅನ್ನ ಹಾಕುತ್ತಿತ್ತು.

ನಾಲ್ಕು ರಾಣಿಯರನ್ನು ಚೆನ್ನಾಗಿ ಮಾಡಿಕೊಟ್ಟರೆ ಕೆಲಸ ಕಾಯಂ ಎಂದಿದ್ದ ಮಾಲೀಕ. ಚಿತ್ರ ಅಂಗಡಿ ದಾಟಬಾರದು ಎಂದೂ ಹೇಳಿದ್ದ. ಮಗಳಿಗೆ ಜ್ವರ, ಡೇಕೇರಿನವರು ಸೇರಿಸುವುದಿಲ್ಲ, ಗಂಡ ಇಂಟರ್‌ವ್ಯೂಗೆಂದು ಸ್ಯಾನ್ ರಮೋನಿಗೆ ಹೋಗಿದ್ದ, ಅತ್ತೆಗೆ ಕಾರು ಓಡಿಸಲು ಬಾರದು. ನಾಲ್ಕೂ ಚಿತ್ರಗಳನ್ನು ಕದ್ದು ಮನೆಗೆ ತಂದೆ. ತೊಳೆದು, ಊಟದ ಮೇಜಿನ ಮೇಲೆ ಒಣಗಲು ಹರಡಿ, ಮಗಳನ್ನು ಡಾಕ್ಟರ ಹತ್ತಿರ ಕರೆದೊಯ್ದೆ.

ಹಿಂದಿರುಗಿದಾಗ ಮನೆಯೆಲ್ಲ ಊದಿನಕಡ್ಡಿಯ ವಾಸನೆ. ಹೊಲಿಗೆ ಯಂತ್ರಕ್ಕೆ, ಮಿಕ್ಸಿಗೆ, ನನ್ನ ಬ್ರಶ್ಶುಗಳಿಗೆ ಅರಿಸಿನ ಕುಂಕುಮ. ನಾಲ್ಕು ರಾಣಿಯರ ಹಣೆಯ ಮೇಲೂ ಒಂದೊಂದು ಬೊಟ್ಟು. ಒದ್ದೆ ಕಾಗದದಲ್ಲಿ ಕೆಂಪು ಹುಬ್ಬು ದಾಟಿ ಮೂಗಿಗೆ ಇಳಿಯುತ್ತಿತ್ತು.

"ನಿನ್ನ ಕೆಲಸಾನ ಇಷ್ಟ್ ದಿನ ಆಡ್ಕೊಂಡೆ, ತಪ್ಪಾಯ್ತು ಕಣೇ ಇಂದು" ಎಂದರು ಅತ್ತೆ. "ಮನೆಗೆ ಅನ್ನ ಹಾಕೋ ತಾಯಂದಿರು. ಪಾಪ, ಬರೀ ಹಣೇಲಿ ಇದ್ರು."

ಮದುವೆಯಾದಾಗಿನಿಂದ ಅವರ ಬಾಯಲ್ಲಿ ಕೇಳಿದ ಮೊದಲ ಒಳ್ಳೆಯ ಮಾತು. ಅವರಿಗೆ ಗೊತ್ತಾಗದಂತೆ ಮೂರು ದಿನ ತೊಳೆದೆ. ಕೆಂಪು ಹೋಗಲಿಲ್ಲ, ಮುಖಗಳು ಸವೆದವು.

ಮಾಲೀಕ ಕೂಗಾಡಲಿಲ್ಲ. ಯಾರು ಮಾಡಿದ್ದು ಎಂದ. ನಾನೇ ಎಂದೆ. ಅಂಗಡಿಯ ಬೀಗದ ಕೈ ಇಸಿದುಕೊಂಡು, ಎಲ್ಲಕ್ಕಿಂತ ಹೆಚ್ಚು ಕೆಟ್ಟಿದ್ದ ಚಿತ್ರವನ್ನು ನನ್ನ ಕೈಗೇ ಕೊಟ್ಟು ಕಳಿಸಿದ.

ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದರು. "ಏನಂದ್ರು ಮಾಲೀಕ್ರು?"

ಆ ಮುಖ ನೋಡಿ ನಿಜ ಹೊರಡಲಿಲ್ಲ. "ಕಾಯಂ ಮಾಡಿದ್ರು ಅತ್ತೆ. ಖುಷಿಗೆ ಇದನ್ನ ಕೊಟ್ರು."

ಈಗ ಆ ರಾಣಿ ದೇವರ ಗೂಡಿನ ಪಕ್ಕದಲ್ಲಿದ್ದಾಳೆ. ಗಂಡನಿಗೆ ಇನ್ನೂ ಕೆಲಸ ಸಿಕ್ಕಿಲ್ಲ, ನನ್ನದು ಹೋದದ್ದು ಅವನಿಗೂ ಗೊತ್ತಿಲ್ಲ. ಬೆಳಿಗ್ಗೆ ಎಂಟಕ್ಕೆ ಅತ್ತೆ ಕಟ್ಟಿಕೊಟ್ಟ ಡಬ್ಬಿ ಹಿಡಿದು ಹೊರಡುತ್ತೇನೆ, ಲೈಬ್ರರಿಯ ಮೆಟ್ಟಿಲ ಮೇಲೆ ಕೂತು ತಿನ್ನುತ್ತೇನೆ, ಐದಕ್ಕೆ ಮರಳುತ್ತೇನೆ. ಇದು ಎಷ್ಟು ದಿನ ನಡೆದೀತು ಎಂದು ಯೋಚಿಸುವ ಧೈರ್ಯವೂ ನನಗಿಲ್ಲ.

ಪ್ರತಿ ಶುಕ್ರವಾರ ಅತ್ತೆ ಆ ಹಣೆಗೆ ಹೊಸ ಕುಂಕುಮವಿಡುತ್ತಾರೆ. "ನಮ್ಮ ಇಂದು ಕೆಲಸ ಕಾಪಾಡು ತಾಯಿ" ಎಂದು ಕೈಮುಗಿಯುತ್ತಾರೆ. ಡಬ್ಬಿ ಕೆಳಗಿಟ್ಟು ನಾನೂ ಕೈಮುಗಿಯುತ್ತೇನೆ.