ಏಳನೇ ಪಂಪು

ಲೆಕ್ಕ ಒಂದು ಓಣಿಯಲ್ಲಿ ಮಾತ್ರ ತಪ್ಪುತ್ತಿತ್ತು.

ಅಂತರ್ಜಲಕ್ಕೆ ಸೇರಿದ, ಬಣ್ಣ-ಜಿಡ್ಡು ಕರಗಿಸುವ ವಿಷಕಾರಿ ದ್ರಾವಕವನ್ನು ಹೊರತೆಗೆಯಲು ಪಂಪುಗಳನ್ನು ಎಲ್ಲಿ ಕೂರಿಸಬೇಕು, ಎಷ್ಟು ವರ್ಷ ಓಡಿಸಬೇಕು ಎಂಬುದನ್ನು ಎಂಜಿನಿಯರ್ ಆಗಿದ್ದ ಅವಳ ಕಂಪ್ಯೂಟರ್ ಸಾವಿರಾರು ಜಾಗಗಳನ್ನು ಹೋಲಿಸಿ ಹೇಳುತ್ತಿತ್ತು. ಮುಚ್ಚಿಹೋದ ಬಣ್ಣದ ಕಾರ್ಖಾನೆಯೊಂದೇ ಮೂಲ ಎಂದರೆ ಆರು ಪಂಪು ಸಾಕಿತ್ತು. ಆದರೆ ಆ ಲೆಕ್ಕದಂತೆ ಶುದ್ಧವಾಗಿರಬೇಕಾದ, ಆ ಓಣಿಯ ಹನ್ನೊಂದು ಬಾವಿಗಳಲ್ಲಿ ಸುರಕ್ಷಿತ ಮಿತಿಯ ಎಂಟು ಪಟ್ಟು ದ್ರಾವಕವಿತ್ತು. ಅದರಲ್ಲೊಂದು ಅವಳ ತವರಿನದು.

"ಆ ಓಣಿ ಬಿಟ್ಬಿಡಿ ಮೇಡಂ, ಸ್ಯಾಂಪಲ್ ಬಾಟ್ಲಿ ಕೆಟ್ಟಿರ್ಬೇಕು," ಎಂದ ಸಹೋದ್ಯೋಗಿ.

ಬಾಟಲಿ ತುಂಬಿಸಿದ್ದು ಅವಳೇ, ಎರಡು ಸಲ. ಓಣಿಯನ್ನು ಬಿಟ್ಟರೆ, ಈಗ ಬರುತ್ತಿದ್ದ ನೀರಿನ ಟ್ಯಾಂಕರ್ ನಿಂತ ದಿನ ಆ ಮನೆಗಳಿಗೆ ಮತ್ತೆ ಅದೇ ನೀರು. ಇನ್ನೊಂದು ಮೂಲ ಎಲ್ಲಿದ್ದರೆ ಲೆಕ್ಕ ಹೊಂದುತ್ತದೆ ಎಂದು ಕಂಪ್ಯೂಟರನ್ನೇ ಕೇಳಿದಳು. ಅದು ನಕ್ಷೆಯಲ್ಲಿ ಕೆಂಪು ಚುಕ್ಕಿ ಇಟ್ಟದ್ದು ಅವಳಪ್ಪನ ಹಿತ್ತಲಲ್ಲಿ.

ಅಪ್ಪ ಮನೆಯ ಮುಂಭಾಗದಲ್ಲಿ ಮೂವತ್ತು ವರ್ಷ, ಅಂಥದೇ ದ್ರಾವಕದಲ್ಲಿ ಬಟ್ಟೆ ತೊಳೆಯುವ ಡ್ರೈಕ್ಲೀನಿಂಗ್ ಅಂಗಡಿ ನಡೆಸಿದವರು. ಅಮ್ಮ ಮೂತ್ರಪಿಂಡದ ಕ್ಯಾನ್ಸರಿನಿಂದ ತೀರಿಕೊಂಡು ಎರಡು ವರ್ಷವಾಗಿತ್ತು. ಕಾರಣವನ್ನು ಯಾವ ಡಾಕ್ಟರೂ ಹೇಳಿರಲಿಲ್ಲ. ಅಪ್ಪ ಹೇಳುತ್ತಿದ್ದರು: "ಆ ಬಣ್ಣದೋರು ನಿಮ್ಮಮ್ಮನ್ನ ತಿಂದ್ಹಾಕಿದ್ರು."

ಅವಳು ಹೋದಾಗ ಅಪ್ಪ ಅಂಗಿಗೆ ಇಸ್ತ್ರಿ ಹಾಕುತ್ತಿದ್ದರು.

"ಆಫೀಸಿಗೆ ಚಕ್ಕರ್ ಹೊಡೆದ್ಯಾ? ಆ ಕಾಲರ್ ನೋಡ್ಕೋ. ನನ್ನ ಮಗಳು ಅಂದ್ರೆ ಯಾರು ನಂಬ್ತಾರೆ?"

"ಅಪ್ಪಾ, ಮಿಷಿನ್ ತಳದಲ್ಲಿ ಗಸಿ ಉಳೀತಿತ್ತಲ್ಲ, ಅದನ್ನ ಏನ್ ಮಾಡ್ತಿದ್ರಿ?"

"ಮರದ ಹೊಟ್ಟಲ್ಲಿ ಕಲಸಿ ಹಿತ್ತಲ ಗುಂಡಿಗೆ ಹಾಕ್ತಿದ್ದೆ. ನಂಗೆ ಕೆಲಸ ಕಲಿಸಿದೋರು ಹೇಳಿಕೊಟ್ಟಿದ್ದೇ ಹಾಗೆ. ರೇಷ್ಮೆ ಮೇಲೇ ಒಂದು ಕಲೆ ಬಿಡಲ್ಲ ಕಣೇ ಅದು, ಮಣ್ಣಲ್ಲೇನ್ ಬಿಡುತ್ತೆ?"

ಅವಳು ನಕ್ಷೆ ಬಿಚ್ಚಿದಳು. ಅಪ್ಪ ಕನ್ನಡಕ ಹಾಕಿಕೊಂಡು ಕೆಂಪು ಚುಕ್ಕಿಯನ್ನೂ ಅದರ ಪಕ್ಕದ ನೀಲಿ ವೃತ್ತವನ್ನೂ ನೋಡಿದರು.

"ಇದು ನಮ್ಮ ಬಾವಿ."

"ಹೂಂ."

"ಕಾರ್ಖಾನೆದಲ್ವಾ?"

"ಅದು ಇಷ್ಟು ದೂರ ಬಂದಿಲ್ಲಪ್ಪ."

ಅಪ್ಪ ಇಸ್ತ್ರಿಪೆಟ್ಟಿಗೆಯ ಸ್ವಿಚ್ ಆರಿಸಿದರು. "ನಾನೂ ಅದೇ ನೀರು ಕುಡ್ದೆನಲ್ಲ. ನಂಗ್ಯಾಕೆ ಏನೂ ಆಗ್ಲಿಲ್ಲ?"

"ಗೊತ್ತಿಲ್ಲ. ಅಮ್ಮಂಗೆ ಆಗಿದ್ದು ಇದರಿಂದಲೇ ಅಂತ ಹೇಳೋಕೂ ಆಗಲ್ಲ."

"ನೀರು ವಾಸನೆ ಬರುತ್ತೆ ಅಂದಿದ್ಲು. ಅಂಗಡಿ ವಾಸನೆ ನಿನ್ನ ಮೂಗಲ್ಲೇ ಮನೆ ಮಾಡಿದೆ ಅಂತ ನಕ್ಕಿದ್ದೆ."

ಅವಳು ಕೇಳಲೇಬೇಕಾದ್ದು ಇನ್ನೂ ಉಳಿದಿತ್ತು. ಅದಿಲ್ಲದೆ ಪಂಪಿಗೆ ಜಾಗ ಸಿಗದು.

"ಯಾವಾಗಿಂದ ಹಾಕ್ತಿದ್ರಿ? ಎಷ್ಟು?"

"ನೀನು ಹುಟ್ಟೋಕೆ ಮುಂಚಿನ ವರ್ಷದಿಂದ. ಪ್ರತಿ ಶನಿವಾರ ಒಂದು ಬಕೆಟ್." ಕನ್ನಡಕ ತೆಗೆದಿಟ್ಟು, "ಕಮ್ಮಿ ಬರೀಬೇಡ," ಎಂದರು.

ಲ್ಯಾಪ್‌ಟಾಪ್ ಅದನ್ನೂ ಸೇರಿಸಿಕೊಂಡು ನಲವತ್ತು ನಿಮಿಷ ಲೆಕ್ಕ ಹಾಕಿತು. ಏಳು ಪಂಪು, ಹತ್ತೊಂಬತ್ತು ವರ್ಷ, ಹನ್ನೊಂದು ಬಾವಿಗಳೂ ಮಿತಿಯೊಳಗೆ. ಏಳನೆಯದು ಬಾವಿಕಟ್ಟೆಯ ಪಕ್ಕ, ಅಮ್ಮ ಬಟ್ಟೆ ಒಗೆಯುತ್ತಿದ್ದ ಕಲ್ಲಿನ ಜಾಗಕ್ಕೆ.

ಅಪ್ಪ ಹಿತ್ತಲಿಗೆ ಹೋಗಿ ಕಲ್ಲನ್ನು ಎತ್ತಲು ನೋಡಿದರು. ಅದು ಅಲುಗಲಿಲ್ಲ.

"ಬಾ, ಒಂದು ಕೈ ಹಿಡಿ," ಎಂದರು.