ಮುಳ್ಳು ಕದಲದ ತಿಂಗಳುಗಳು

"ಊದು ಅಂದ್ರೆ ಊದ್ಬೇಕು ಕಣೇ. ತುಟಿ ತಾಗಿಸಿ ಮುತ್ತು ಕೊಡೋಕೆ ಕರೆಸಿದ್ನಾ ನಿನ್ನ?"

ಮೂಗಿಗೆ ಕರವಸ್ತ್ರ ಒತ್ತಿಕೊಂಡು ಮೇನೇಜರ್ ನಗುತ್ತಿದ್ದ. ಅವನೆದುರು ಅವ್ವ ಉಸಿರು ಅಳೆಯುವ ಪ್ಲಾಸ್ಟಿಕ್ ಕೊಳವೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಕಣ್ಣ ರೆಪ್ಪೆಯವರೆಗೂ ಕಲ್ಲಿನ ಧೂಳು. ಮತ್ತೊಮ್ಮೆ ಎದೆ ಉಬ್ಬಿಸಿ ಊದಿದಳು. ಕೆಮ್ಮು ಬಂತೇ ಹೊರತು ಗಾಳಿ ಬರಲಿಲ್ಲ. ಕೊಳವೆಯ ಮೇಲಿನ ಕೆಂಪು ಮುಳ್ಳು ಸೊನ್ನೆಯ ಹತ್ತಿರ ಕೂತಿದ್ದು ಕೂತ ಹಾಗೇ ಇತ್ತು.

"ಗಂಡನ ಜೊತೆ ಜಗಳಕ್ಕೆ ನಿಂತಾಗ ಬರುತ್ತಲ್ಲ ಉಸಿರು, ಈಗೆಲ್ಲಿ ಹೋಯ್ತು?"

"ಗಂಡ ಸತ್ತು ಆರು ವರ್ಷ ಆಯ್ತು ಸಾಮಿ," ಅಂದಳು ಅವ್ವ. "ಈಗ ಜಗಳಕ್ಕೆ ನೀವೇ ಗತಿ."

ಹಿಂದೆ ಸಾಲಿನಲ್ಲಿದ್ದವರು ಕಿಸಕ್ಕೆಂದರು.

"ಬಾಯಿಗೇನೂ ಬರ ಇಲ್ಲ ಮುಂಡೇದಕ್ಕೆ. ಸರಿ ಆಚೆ."

ಮೂಲೆಯ ಮೇಜಿನ ಹತ್ತಿರ ಕಂಪ್ಯೂಟರ್ ಮುಂದೆ ಕೂತಿದ್ದ ಮಗಳು ತಲೆ ಎತ್ತಲಿಲ್ಲ. ಎರಡೇ ಬೆರಳಲ್ಲಿ ಕುಟುಕಿ ಕುಟುಕಿ ಬರೆಯುತ್ತಾಳೆ ಅಂತ ಕಲ್ಲು ಕೊರೆಯುವ ಶೆಡ್ಡಿನವರೆಲ್ಲ ಅವಳಿಗೆ ಗುಬ್ಬಿ ಅಂತ ಹೆಸರಿಟ್ಟಿದ್ದರು. ಅವ್ವನ ಹೆಸರಿನ ಸಾಲಿನಲ್ಲಿ, ಐದನೇ ತಿಂಗಳ ಚೌಕದ ಮೇಲೆ ಒಂದು ಕ್ಷಣ ನಿಂತು, ಅದನ್ನು ಖಾಲಿ ಬಿಟ್ಟು, ಗುಬ್ಬಿ ಮುಂದಿನ ಸಾಲಿಗೆ ಹಾರಿದಳು. ಮೂರನೇ ತಿಂಗಳೂ ನಾಲ್ಕನೇ ತಿಂಗಳೂ ಹೀಗೇ ಬಿಟ್ಟಿದ್ದಳು.

ಹಾಗೆ ಬಿಡೋದನ್ನ ಅವಳಿಗೆ ಕಲಿಸಿದ್ದು ಹಿಟ್ಟಣ್ಣ. ಮೂವತ್ತು ವರ್ಷ ಗರಗಸದ ಮುಂದೆ ನಿಂತು ಗಿರಣಿಯಿಂದ ಎದ್ದು ಬಂದವನ ಹಾಗೆ ಬೆಳ್ಳಗಾಗಿದ್ದ ಮುದುಕ. ಮೊದಲ ಸಲ ಮುಳ್ಳು ಕದಲದೆ ಹೋದದ್ದು ಅವನಿಗೇ. ಆವತ್ತು ಮೇಜಿನ ಹತ್ತಿರ ಬಗ್ಗಿ, ಬೀಡಿ ಕೇಳುವವನ ಹಾಗೆ ಮೆಲ್ಲಗೆ ಅಂದಿದ್ದ: "ಸೊನ್ನೆ ಬರೀಬೇಡ ಕಣವ್ವ. ಇನ್ನೂ ನಿಂತಿದ್ದೀನಲ್ಲ ನಾನು, ನಿನ್ನ ಕಣ್ಣೆದುರಿಗೆ. ನಿಂತಿರೋ ಮನುಷ್ಯನ ಹೆಸರ ಮುಂದೆ ಅದನ್ನ ಬರೆದ್ರೆ ಚೆನ್ನಾಗಿರಲ್ಲ." ಗುಬ್ಬಿಗೂ ಹೌದೆನ್ನಿಸಿತ್ತು. ಅಜ್ಜಿಯ ಕಥೆಗಳಲ್ಲಿ ರಾಕ್ಷಸನ ಜೀವ ಏಳು ಸಮುದ್ರದಾಚೆ ಒಂದು ಗಿಳಿಯೊಳಗೆ ಇರುತ್ತಿತ್ತು. ಈ ಶೆಡ್ಡಿನವರ ಜೀವ ಒಂದು ಗೇಣುದ್ದದ ಪ್ಲಾಸ್ಟಿಕ್ ಕೊಳವೆಯಲ್ಲಿದೆ, ಅದರ ಕತ್ತನ್ನು ತನ್ನ ಕೈಯಾರೆ ಯಾಕೆ ಹಿಸುಕಬೇಕು ಅಂದುಕೊಂಡಳು. ಆಮೇಲೆ ಯಾರ ಮುಳ್ಳು ಕದಲದಿದ್ದರೂ ಚೌಕ ಖಾಲಿ. ಯಾರೂ ಹೇಳಿಕೊಳ್ಳದ ಒಂದು ಮರ್ಯಾದೆ ಅದು.

ಕೊಳವೆ ಕೊಟ್ಟದ್ದು ಕಾರ್ಮಿಕ ಇಲಾಖೆ. ಕಲ್ಲನ್ನು ನೀರು ಹಾಯಿಸಿ ಕೊರೆದರೆ ಧೂಳು ಕೆಸರಾಗಿ ಕೆಳಗಿಳಿಯುತ್ತೆ, ಒಣಗಿದ್ದಾಗಲೇ ಕೊರೆದರೆ ಎದೆಗಿಳಿಯುತ್ತೆ. ಇಲ್ಲಿ ಒಣಗಲ್ಲನ್ನೇ ಕೊರೆಯುತ್ತಿದ್ದರು. ಆರು ತಿಂಗಳು, ತಿಂಗಳಿಗೊಮ್ಮೆ ಎಲ್ಲರೂ ಊದಲಿ; ಉಸಿರು ಇಳಿಯದೆ ಇದ್ದರೆ ಇನ್ನೊಂದು ವರ್ಷ ಹೀಗೇ ನಡೆಸಿ, ಇಳಿದಿದ್ದರೆ ನೀರಿನ ಪೈಪು ಹಾಕುವವರೆಗೂ ಗರಗಸ ನಿಲ್ಲಿಸಿ ಅಂತ ಆದೇಶ.

ಐದನೇ ತಿಂಗಳ ಕೊನೆಗೆ ದೊಡ್ಡ ಗರಗಸವೇ ಮುರಿದು ಬಿತ್ತು. ಮೂರು ವಾರ ಶೆಡ್ಡಿಗೆ ಬೀಗ. ಆ ಮೂರು ವಾರ ಅವ್ವ ಚಾಪೆಯ ಮೇಲೆ ಅಡ್ಡಾಗಿ ಮಲಗಿದಳು. ಅದಕ್ಕೆ ಮೊದಲು ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದಳು. ಆರನೇ ತಿಂಗಳು ಬಂದು ಊದಿದಾಗ ಮುಳ್ಳು ಇನ್ನೂರ ನಲವತ್ತಕ್ಕೆ ಹಾರಿತು. ಅವ್ವ ಕೊಳವೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು, ಬೇರೆ ಯಾರದೋ ಇರಬೇಕು ಅನ್ನುವ ಹಾಗೆ.

ಇಲಾಖೆಯ ಸಾಹೇಬ ಬರುವ ದಿನ ಬೆಳಿಗ್ಗೆ ಮೇನೇಜರ್ ಚಾರ್ಟು ಮಾಡಿಸಿದ. ಹತ್ತೊಂಬತ್ತು ಜನರ ಹತ್ತೊಂಬತ್ತು ಗೆರೆ. ಹನ್ನೊಂದು ಗೆರೆಗಳು ನಡುವೆ ತುಂಡಾಗಿದ್ದವು.

"ಇದೇನಿದು, ಹಲ್ಲು ಬಿದ್ದ ಬಾಯಿ ಥರ?"

"ಖಾಲಿ ಚೌಕ ಇರೋ ಕಡೆ ಗೆರೆ ನಿಂತುಹೋಗುತ್ತೆ ಸಾರ್."

"ಅದನ್ನ ಸೇರಿಸೋಕೂ ಗೊತ್ತಿಲ್ವೇನೇ ನಿನಗೆ? ಸರಿ ಆ ಕಡೆ." ಅವಳ ಕೈ ತಳ್ಳಿ ಮೌಸ್ ಹಿಡಿದ. ಖಾಲಿ ಚೌಕಕ್ಕೆ ಏನು ಮಾಡಲಿ ಅಂತ ಕಂಪ್ಯೂಟರ್ ಕೇಳಿತು: ಅಲ್ಲಿ ಬಿರುಕು ಬಿಡಲೋ, ಸೊನ್ನೆ ಅಂತ ತಿಳಿಯಲೋ, ಆಚೀಚೆಯ ಚುಕ್ಕೆಗಳನ್ನು ಸೇರಿಸಲೋ. ಮೇನೇಜರ್ ಕೊನೆಯದನ್ನು ಒತ್ತಿದ. ಅವ್ವನ ಎರಡನೇ ತಿಂಗಳ ಇನ್ನೂರ ಅರವತ್ತರಿಂದ ಆರನೇ ತಿಂಗಳ ಇನ್ನೂರ ನಲವತ್ತಕ್ಕೆ ಒಂದೇ ಗೆರೆ ಸುಯ್ಯನೆ ಹರಿಯಿತು.

"ನೋಡು, ನಿಮ್ಮವ್ವನ ಉಸಿರು ಹೆದ್ದಾರಿ ಇದ್ದ ಹಾಗಿದೆ."

"ಆದ್ರೆ ಸಾರ್, ನಡುವೆ ಮೂರು ತಿಂಗಳು..."

"ಮೂರು ತಿಂಗಳು ಏನಂತ ಬರೆದಿದ್ದೀಯ?"

"ಏನೂ ಬರೆದಿಲ್ಲ."

"ಏನೂ ಬರೆದಿಲ್ಲ ಅಂದ್ರೆ ಏನೂ ಆಗಿಲ್ಲ. ಮುಗೀತಲ್ಲ." ಬೆರಳು ಕೆಳಗಿನ ಗೆರೆಯೊಂದಕ್ಕೆ ಬಂತು. "ಈ ಸಣ್ಣಕ್ಕಂದು ಯಾಕೆ ಅರ್ಧಕ್ಕೇ ನಿಂತಿದೆ?"

"ಸಣ್ಣಕ್ಕ ಹೋಗಿ ಎರಡು ತಿಂಗಳಾಯ್ತು."

"ಹಂಗಾದ್ರೆ ಸಾಲು ಅಳಿಸು. ಸತ್ತೋರಿಗೆ ಎಂಥ ಚಾರ್ಟು?" ಅಂದು, ಪ್ರಿಂಟು ತೆಗೆಸಿಕೊಂಡು ಹೋದ.

ಗುಬ್ಬಿ ಅಳಿಸಿರಲಿಲ್ಲ. ಸಾಲನ್ನು ಕಾಣದ ಹಾಗೆ ಮಡಚಿಟ್ಟಿದ್ದಳು. ಮೇನೇಜರ್ ಒಂದೇ ಒಂದು ಅಂಕಿಯನ್ನೂ ತಿದ್ದಿರಲಿಲ್ಲ. ತಿದ್ದಬೇಕಾದ ಅಗತ್ಯವೇ ಇಲ್ಲದ ಹಾಗೆ ಮಾಡಿಕೊಟ್ಟವಳು ತಾನು.

ಊಟದ ಬಿಡುವಿನಲ್ಲಿ ಎಲ್ಲರೂ ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದರು. ಗುಬ್ಬಿ ಹೋಗಿ ಒಂದೇ ಉಸಿರಿಗೆ ಹೇಳಿಬಿಟ್ಟಳು. ಅವ್ವ ಮುಖ ತೊಳೆಯುವುದನ್ನು ಅರ್ಧಕ್ಕೇ ಬಿಟ್ಟು ಅವಳತ್ತ ತಿರುಗಿದಳು. ನಲ್ಲಿ ಸುರಿಯುತ್ತಲೇ ಇತ್ತು.

"ನಾನು ಊದಿದ್ದೆ ತಾನೆ?" ಅಂದಳು ಅವ್ವ. "ಆ ಬೋಳಿಮಗನ ಕೈಲಿ ಅನ್ನಿಸಿಕೊಂಡು, ಎಲ್ಲರೆದುರಿಗೆ ಊದಿದ್ದೆ ತಾನೆ? ಊದಿದ್ದನ್ನ ಬರೀದೆ ಬಿಡೋಕೆ ನೀನ್ಯಾರೇ?"

"ನಿಂಗೆ ಅವಮಾನ ಆಗುತ್ತೆ ಅಂತ, ಅವ್ವ."

"ಅವಮಾನ ಅವನಿಗಾಗ್ಲಿ. ಉಸಿರು ತಿಂದೋನು ಅವನು."

"ಅವಳನ್ನ ಬೈಬೇಡ," ಅಂದ ಹಿಟ್ಟಣ್ಣ. ತೊಳೆದರೂ ಮುಖ ಬೆಳ್ಳಗೇ ಇತ್ತು. "ಬೇಡ ಅಂದೋನು ನಾನು. ಮುದುಕನ ಸೊಕ್ಕು. ಗುಬ್ಬಿ, ಬರೀ ತಾಯಿ. ಸಾಧ್ಯ ಆದ್ರೆ ನಂದನ್ನ ಸ್ವಲ್ಪ ದಪ್ಪಕ್ಕೆ ಬರೀ, ನನ್ನ ಹೊಟ್ಟೆಯಷ್ಟು."

"ನಿನ್ನ ಹೊಟ್ಟೆ ಎಲ್ಲಿದೆಯಣ್ಣ, ಬೆನ್ನಿಗೆ ಅಂಟಿಕೊಂಡಿದೆ," ಅಂದರು ಯಾರೋ. "ನಂದೂ ಬರಿ." "ನಂದು ಎರಡಿದೆ ನೋಡು, ಮರೀಬೇಡ."

ಮಧ್ಯಾಹ್ನ ಸಾಹೇಬ ಬಂದ. ಕುರ್ಚಿಯನ್ನು ಮೇನೇಜರ್ ತಾನೇ ಒರೆಸಿದ. ಪರದೆಯ ಮೇಲೆ ಗೆರೆಗಳು ಒಂದರ ಪಕ್ಕ ಒಂದು ತಣ್ಣಗೆ ಮಲಗಿದ್ದವು.

"ಪರವಾಗಿಲ್ಲವೇ," ಅಂದ ಸಾಹೇಬ. "ಎಲ್ಲರದೂ ಗಟ್ಟಿ ಗುಂಡಿಗೆ." ಸಹಿ ಹಾಕಲು ಪೆನ್ನಿನ ಮುಚ್ಚಳ ತೆಗೆದ.

ಗುಬ್ಬಿ ಒಂದು ಸೊನ್ನೆ ಕುಟುಕಿದಳು. ಅವ್ವನ ಗೆರೆ ನಡುವೆ ಮುರಿದು ಪಾತಾಳಕ್ಕೆ ಬಿತ್ತು. ಇನ್ನೊಂದು ಕುಟುಕಿದಳು. ಮತ್ತೊಂದು.

"ಇದೇನಮ್ಮ?"

"ನಮ್ಮವ್ವ ಸಾರ್. ಮೂರು ತಿಂಗಳು ಊದಿದ್ಲು, ಮುಳ್ಳು ಏಳಲಿಲ್ಲ. ಬರೆಯೋದು ಬಿಟ್ಟಿದ್ದೆ, ತಪ್ಪು ನಂದು. ಗರಗಸ ನಿಂತ ಮೇಲೆ ಎದ್ದಿದೆ ನೋಡಿ ಈ ಕಡೆ." ಕೈ ಮಾತ್ರ ನಿಲ್ಲಲಿಲ್ಲ. ಪರದೆಯ ಮೇಲೆ ಹಿಟ್ಟಣ್ಣನ ಗೆರೆ ಬಿತ್ತು. ಅದರ ಹಿಂದೆ ಒಂದೊಂದಾಗಿ ಉಳಿದವರವೂ ಬಿದ್ದವು. ಕೊನೆಗೆ ಮಡಚಿಟ್ಟ ಸಾಲನ್ನು ಬಿಚ್ಚಿದಳು.

"ಈ ಅರ್ಧ ಗೆರೆಗೂ ಸೊನ್ನೆ ಹಾಕ್ತೀಯಾ?"

"ಇಲ್ಲ ಸಾರ್. ಸಣ್ಣಕ್ಕ ಊದೋಕೆ ಬರಲಿಲ್ಲ. ಬರದೋಳಿಗೆ ಸೊನ್ನೆ ಬರೆದ್ರೆ ಅದೂ ಸುಳ್ಳೇ. ಅದು ಖಾಲಿನೇ ಇರಬೇಕು."

ಮೇನೇಜರ್ ಬಗ್ಗಿ ವೈರು ಕಿತ್ತ. ಪರದೆ ಕಪ್ಪಾಯಿತು. "ತಲೆ ಕೆಟ್ಟಿದೆ ಸಾರ್ ಇದಕ್ಕೆ, ಅನ್ನ ಹಾಕಿದ ಕೈ ಕಚ್ಚೋ ಜಾತಿ. ಅಸಲಿ ಚಾರ್ಟು ಇಲ್ಲಿದೆ." ಬೆಳಗಿನ ಪ್ರಿಂಟನ್ನು ಸಾಹೇಬನ ಮುಂದೆ ಹರಡಿ ಅಂಗೈಯಲ್ಲಿ ಸವರಿದ. ಬಾಗಿಲಲ್ಲಿ ಇಣುಕುತ್ತಿದ್ದ ಅವ್ವ ಅಂಗಳದತ್ತ ತಿರುಗಿ ನಡೆದಳು.

ಸಾಹೇಬ ಕಪ್ಪು ಪರದೆ ನೋಡಿದ, ಕಾಗದ ನೋಡಿದ. "ಕೈಗೆ ಕೊಟ್ಟ ಕಾಗದ ತಾನೇ ನಾನು ನೋಡಬೇಕಾದ್ದು," ಅಂತ ಗೊಣಗಿ ಪೆನ್ನು ಕೆಳಗಿಳಿಸಿದ.

ಆಗ ಗರಗಸ ನಿಂತಿತು. ಇಡೀ ದಿನ ಕಿವಿ ಕೊರೆಯುವ ಸದ್ದು ಒಮ್ಮೆಗೇ ಇಲ್ಲವಾದಾಗ ಸಾಹೇಬನ ಕೈಯೂ ನಿಂತಿತು. ಆ ಮೌನದೊಳಗಿಂದ ಬೇರೊಂದು ಸದ್ದು ಬಂತು. ಟಕ್. ಟಕ್. ಟಕ್.

ಗುಬ್ಬಿ ಓಡಿದಳು. ಅಂಗಳದಲ್ಲಿ, ಲಾರಿಗೆ ಏರಿಸಲು ನಿಲ್ಲಿಸಿದ್ದ, ಮುಖ ಕಾಣುವ ಹಾಗೆ ಪಾಲಿಶ್ ಮಾಡಿದ ಕರಿ ಚಪ್ಪಡಿಯ ಮುಂದೆ ಅವ್ವ ಮಂಡಿಯೂರಿದ್ದಳು. ಒಂದು ಕೈಯಲ್ಲಿ ಉಳಿ, ಇನ್ನೊಂದರಲ್ಲಿ ಸುತ್ತಿಗೆ. ಸುತ್ತ ಎಲ್ಲರೂ.

"ಗುಬ್ಬಿ, ಎಷ್ಟರಿಂದ ಶುರು ನಂದು?"

"ಮುನ್ನೂರು."

"ಆಮೇಲೆ?"

"ಇನ್ನೂರ ಅರವತ್ತು. ಆಮೇಲೆ ಸೊನ್ನೆ. ಸೊನ್ನೆ. ಸೊನ್ನೆ."

ಉಳಿ ಕಪ್ಪು ಕಲ್ಲಿನಲ್ಲಿ ಬೆಳ್ಳನೆ ಗೆರೆ ಬಿಡುತ್ತಾ ಕೆಳಕ್ಕಿಳಿದು, ತಳದ ಅಂಚಿನಲ್ಲಿ ತೆವಳಿತು.

"ಲೇ, ಅದು ಆರ್ಡರ್ ಕಲ್ಲು ಕಣ್ರೋ ಸೂಳೆಮಕ್ಕಳಾ," ಅನ್ನುತ್ತಾ ಬಂದ ಮೇನೇಜರ್ ಧೂಳು ಮೆತ್ತಿದ ಬೆನ್ನುಗಳ ಸಾಲಿಗೆ ಡಿಕ್ಕಿ ಹೊಡೆದು ನಿಂತ. ಯಾರೂ ಅಲ್ಲಾಡಲಿಲ್ಲ. ಹಿಂದೆ ಬಾಗಿಲಲ್ಲಿ ಸಾಹೇಬ, ಕೈಯಲ್ಲಿ ಮುಚ್ಚಳ ತೆಗೆದ ಪೆನ್ನು.

"ಒತ್ತೊತ್ತಾಗಿ ಹೊಡೀರಪ್ಪ," ಅಂದ ಹಿಟ್ಟಣ್ಣ, ಕೈಗೆ ಉಗುಳಿಕೊಂಡು ತನ್ನ ಉಳಿ ಎತ್ತಿಕೊಳ್ಳುತ್ತಾ. "ಹತ್ತೊಂಬತ್ತು ಗೆರೆ ಹಿಡೀಬೇಕು. ಸಣ್ಣಕ್ಕಂದು ನಾನು ಹೊಡೀತೀನಿ. ಅರ್ಧ ತಾನೆ."

ಅವ್ವ ಕೆಮ್ಮಿದಳು, ಬಾಯಿ ಒರೆಸಿಕೊಂಡಳು, ಮತ್ತೆ ಸುತ್ತಿಗೆ ಎತ್ತಿದಳು.