ಗಿರಣಿ ನಿಂತ ತಿಂಗಳು

ನಮ್ಮ ಯಜಮಾನರಿಗೆ ಸುಮ್ಮನೆ ಕೂರುವುದೊಂದು ಬಿಟ್ಟು ಮಿಕ್ಕಿದ್ದೆಲ್ಲ ಬರುತ್ತದೆ. ಎದೆಗೆ ಸ್ಟೆಂಟ್ ಹಾಕಿದ ಡಾಕ್ಟರು, "ಮಹಾಂತೇಶ್ ಅವರೇ, ಒಂದು ತಿಂಗಳು ಗಿರಣಿ ಕಡೆ ತಲೆ ಹಾಕ್ಬೇಡಿ" ಎಂದಾಗ ಇವರು ನನ್ನ ಕಡೆ ತಿರುಗಿ ನೋಡಿದರು. ನಾನೇ ಡಾಕ್ಟರಿಗೆ ಲಂಚ ಕೊಟ್ಟು ಹೇಳಿಸಿದಂತಿತ್ತು ಆ ನೋಟ.

ಒಂಟಿಕೊಪ್ಪಲಿನಲ್ಲಿ ನಮ್ಮ ಮನೆಯ ಮುಂಭಾಗವೇ ಹಿಟ್ಟಿನ ಗಿರಣಿ. ಬೆಳಿಗ್ಗೆ ಅಂಗೈಯಲ್ಲಿ ಲಿಂಗವಿಟ್ಟು ಮಾಡುವ ಪೂಜೆ ಇವರ ಪಾಲಿಗೆ ಅರ್ಧ ಪೂಜೆ. ಶಟರ್ ಎತ್ತಿ ಮೋಟಾರ್ ಹಾಕಿದರೆ ಉಳಿದರ್ಧ. ದುಡಿಮೆ ಎನ್ನುವ ಮಾತೇ ಇವರ ಬಾಯಲ್ಲಿ ಬರುವುದಿಲ್ಲ, ಕಾಯಕ ಎನ್ನುತ್ತಾರೆ. ಅವರಪ್ಪ ಕಲಿಸಿದ್ದು. ನಮ್ಮ ಮದುವೆಯ ಮಾರನೆಯ ದಿನವೂ ರಾಗಿ ಬೀಸಿದ ಪುಣ್ಯಾತ್ಮರು ಇವರು. ದಸರಾ ದೀಪ ನೋಡಲು ಒಟ್ಟಿಗೆ ಹೋಗೋಣ ಎಂದು ಕೇಳಿ ಕೇಳಿ ನನಗೆ ಬಾಯಿ ನೋವು ಬಂದಿತ್ತು.

ಈಗ ಗಿರಣಿ ನಿಂತಿತು, ಇವರು ನಿಲ್ಲಲಿಲ್ಲ. ಹಜಾರದಿಂದ ಹಿತ್ತಿಲಿಗೆ, ಹಿತ್ತಿಲಿನಿಂದ ಹಜಾರಕ್ಕೆ. ಶಟರಿನ ಬೀಗ ಸರಿಯಾಗಿದೆಯೇ ಎಂದು ನೋಡುವುದು, ಮತ್ತೆ ಹೋಗಿ ನೋಡುವುದು. ಟೀವಿ ಮುಂದೆ ಕೂರಿಸಿದರೂ ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತಲೇ ಇರುತ್ತಿತ್ತು. ಹಿಟ್ಟು ನುಣ್ಣಗಾಯಿತೇ ಎಂದು ನೋಡುವುದು ಹಾಗೆಯೇ. ಬೆರಳ ನಡುವೆ ಹಿಟ್ಟೇ ಇರಲಿಲ್ಲ. ನೋಡಿ ನೋಡಿ ನನಗೂ ಜೀವ ತಡೆಯದಾಯಿತು.

ಹಿಂದಿನ ಬೀದಿಯ ಸುಂದರಮ್ಮ ಅಕ್ಕಿ ಬೀಸಿಸಲು ಚೀಲ ಹಿಡಿದು ಬಂದವರು ಬೀಗ ನೋಡಿ ಒಳಗೆ ಬಂದರು. "ವಯಸ್ಸಾದ್ಮೇಲೆ ಬಿಡೋದನ್ನ ಕಲೀಬೇಕು ಕಣ್ರೀ. ನಮ್ಮನೆಯವರನ್ನ ನೋಡಿ, ಕಾಲೇಜಿಂದ ರಿಟೈರಾದ ದಿನವೇ ಜಪಮಣಿ ಹಿಡಿದ್ರು. ಎಷ್ಟು ನೆಮ್ಮದಿಯಾಗಿದ್ದಾರೆ!" ಎಂದರು.

ಅವರು ಹೋದ ಮೇಲೆ ಇವರು ಗೊಣಗಿದರು. "ಮಣಿ ಎಣಿಸಿದ್ರೆ ಯಾರ ಮನೆ ರಾಗಿ ಹಿಟ್ಟಾಯ್ತದೆ?"

ಎರಡನೆಯ ವಾರ ಊಟ ತಗ್ಗಿತು. ಒಂದು ಮುದ್ದೆ ಅರ್ಧವಾಯಿತು, ಆಮೇಲೆ ಎರಡು ತುತ್ತು. "ಹಸಿವಿಲ್ಲ ಕಣೆ" ಎನ್ನುತ್ತಿದ್ದರು. ಮಾತ್ರೆಯಿಂದ ಬಾಯಿ ಕೆಟ್ಟಿರಬೇಕೆಂದು ನಾನು ಉಪ್ಪಿನಕಾಯಿ, ಹುಣಸೆ ತೊಕ್ಕು ಎಂದು ಹೆಣಗಾಡಿದೆ. ಒಂದು ಬೆಳಿಗ್ಗೆ ಶಟರಿನ ಹತ್ತಿರ ದಪ್ಪೆಂದು ಸದ್ದಾಯಿತು. ಓಡಿ ಹೋದರೆ ಇವರು ಬೀಗ ಹಿಡಿದುಕೊಂಡೇ ಬಿದ್ದಿದ್ದಾರೆ. ನೀರು ಚಿಮುಕಿಸಿ ಎಬ್ಬಿಸಿ ಆಟೋ ಹತ್ತಿಸಿದೆ.

ಆಸ್ಪತ್ರೆಯಲ್ಲಿ ಡಾಕ್ಟರು ಬೈದರು. ಖಾಲಿ ಹೊಟ್ಟೆಯಲ್ಲಿ ಇಷ್ಟು ಮಾತ್ರೆ ನುಂಗಿದರೆ ಇನ್ನೇನಾಗುತ್ತದೆ, ಮುಂದಿನ ಸಲ ಎದ್ದೇಳುತ್ತೀರೆಂದು ಯಾರು ಹೇಳಬೇಕು ಎಂದು ಕೇಳಿದರು. ವಾಪಸ್ಸು ಬರುವಾಗ ಆಟೋದಲ್ಲಿ ನಾನು ಪಟ್ಟು ಹಿಡಿದು ಕೇಳಿದೆ. "ನಿಜ ಹೇಳಿ. ಹಸಿವಿಲ್ವಾ?"

"ಹಸಿವು ಅದೆ" ಎಂದರು, ರಸ್ತೆ ನೋಡುತ್ತಾ. "ಕಾಯಕ ಮಾಡ್ದೆ ಉಣ್ಣೋದು ಎಂಗೆ? ಕದ್ದು ತಿಂದಂಗಾಯ್ತದೆ. ಗಂಟ್ಲಲ್ಲಿ ಇಳಿಯಕ್ಕಿಲ್ಲ."

ನನಗೆ ಹೊಡೆದುಬಿಡೋಣ ಎನ್ನಿಸಿತು. ನಾಳೆ ಇವರು ಇಲ್ಲವಾದರೆ ಎಂಬ ಹೆದರಿಕೆಯೂ ಆಯಿತು.

ಪಕ್ಕದ ಅಂಗಡಿಯ ಟೈಲರ್ ಇನ್ನಾಸಪ್ಪನವರನ್ನು ಕರೆಸಿದೆ. ಭಾನುವಾರ ಎಂಥಾ ಮದುವೆ ಬಟ್ಟೆಯಿದ್ದರೂ ಮಿಷಿನ್ ಮುಟ್ಟದೆ ಚರ್ಚಿಗೆ ಹೋಗುವವರು ಅವರು. ಬಂದವರೇ ಕುರ್ಚಿ ಎಳೆದುಕೊಂಡರು. "ಮಾಂತೇಶಣ್ಣ, ಲೋಕ ಮಾಡಿದ ದೇವ್ರೇ ಏಳನೇ ದಿನ ಸುಮ್ನೆ ಕೂತ್ಕಂಡ. ನಿಮ್ದೇನು ಅದಕ್ಕಿಂತ ದೊಡ್ಡ ಕೆಲ್ಸನಾ?"

"ಅವನು ಆರು ದಿನದಲ್ಲಿ ಮುಗಿಸ್ಬುಟ್ಟ. ಒಂಟಿಕೊಪ್ಪಲ್ ರಾಗಿ ಮುಗಿದದಾ?"

ಇನ್ನಾಸಪ್ಪ ನಕ್ಕುಬಿಟ್ಟರು. ಕಾಫಿ ಕುಡಿದು ಹೋದರು. ಅವರ ದೇವರೂ ಸೋತ, ಸುಂದರಮ್ಮನ ದೇವರೂ ಸೋತ. ನಮ್ಮ ದೇವರನ್ನು ಕೇಳೋಣವೆಂದರೆ ಇವರು ಉಪವಾಸ ಬಿದ್ದಿರುವುದೇ ಅವನ ಹೆಸರಿನಲ್ಲಿ.

ಆ ಸಂಜೆ ಇಬ್ಬರಿಗೂ ಬಡಿಸಿ ಕೂತೆ. ಇವರು ಎರಡು ತುತ್ತು ನುಂಗಿ ತಟ್ಟೆ ಸರಿಸಿದರು. ನನಗೆ ಎಲ್ಲಿತ್ತೋ ಸಿಟ್ಟು. ಎದ್ದು ಹೋಗಿ ಒಲೆ ಆರಿಸಿ ಬಂದು, ನನ್ನ ತಟ್ಟೆಯನ್ನೂ ಅವರ ತಟ್ಟೆಯ ಪಕ್ಕಕ್ಕೆ ತಳ್ಳಿದೆ.

"ನೀನ್ಯಾಕೆ ಬುಟ್ಟೆ?"

"ನಿಮ್ಮ ಕಾಯಕ ಡಾಕ್ಟ್ರು ನಿಲ್ಸಿದ್ರು. ನನ್ನ ಕಾಯಕ ನೀವು ನಿಲ್ಸಿದ್ದೀರಿ. ಬೇಯ್ಸಿ ಬಡಿಸಿದ್ದನ್ನ ಉಣ್ಣೋರೇ ಇಲ್ಲ ಅಂದ್ಮೇಲೆ ನಾನು ದುಡಿದಂಗಾಯ್ತಾ? ಕಾಯಕ ಮಾಡ್ದೆ ನಾನು ಎಂಗೆ ಉಣ್ಲಿ? ಇಬ್ರೂ ಒಟ್ಟಿಗೆ ಸಾಯಣ ಬುಡಿ!"

ಉಪಾಯ ಹೂಡಿ ಆಡಿದ ಮಾತಲ್ಲ, ಹೊಟ್ಟೆ ಉರಿದು ಬಂದ ಮಾತು. ಆಡಿದ ಮೇಲೆ ಅಳು ಬಂತು, ಸೆರಗಿನಲ್ಲಿ ಮುಖ ಒರೆಸಿಕೊಂಡೆ. ಇವರು ಅಡುಗೆಮನೆಯ ಕಡೆಗೆ ತಿರುಗಿ ನೋಡಿದರು. ಅಲ್ಲೊಂದು ಒಲೆಯಿದೆ ಎಂದು ಆವತ್ತೇ ಗೊತ್ತಾದವರಂತೆ.

"ನಿಂದೂ ಕಾಯಕ ಅಂತ ನಂಗೆ..." ಎಂದು ಶುರು ಮಾಡಿದವರು ನಿಲ್ಲಿಸಿದರು. ತಟ್ಟೆ ಎಳೆದುಕೊಂಡರು. ಮುದ್ದೆ ಮುರಿದು, ಸಾರಿಗೆ ಅದ್ದಿ, ನುಂಗಿದರು. ಪೂರ್ತಿ ಉಂಡರು. ಬೆರಳುಗಳು ಉಜ್ಜಿಕೊಳ್ಳುವುದನ್ನು ಮರೆತಿದ್ದವು.

ಆಮೇಲೆ ನನ್ನ ತಟ್ಟೆಯನ್ನು ನನ್ನ ಮುಂದಿಟ್ಟು ಕೇಳಿದರು. "ಗಿರಣಿಗೇನೋ ಒಂದು ತಿಂಗ್ಳು ರಜಾ ಸಿಕ್ತು. ನಿಂಗೆ ಯಾವತ್ತು ಸಿಕ್ಕಿತ್ತು?"

ನಾನು ತುತ್ತು ಎತ್ತಿದೆ. ಅಷ್ಟರಲ್ಲಿ ಒಲೆಯ ಮೇಲೆ ಹಾಲಿಟ್ಟದ್ದು ನೆನಪಾಗಿ, ಉಕ್ಕಿತೆಂದು ಎಂಜಲು ಕೈಯಲ್ಲೇ ಓಡಿದೆ. ಒಲೆ ಆರಿಸಿದ್ದು ನಾನೇ ಎಂಬುದು ಅದರ ಮುಂದೆ ನಿಂತ ಮೇಲೆ ತಿಳಿಯಿತು.

"ಬಾ, ಕೂತ್ಕೊ" ಎಂದರು ಇವರು ಹಿಂದಿನಿಂದ. "ನಿಂಗೂ ಡಾಕ್ಟ್ರೇ ಹೇಳ್ಬೇಕಾ?"